ಟೈಮ್‌ಟೇಬಲ್ ಮೂರೇ ದಿನಕ್ಕೆ ಯಾಕೆ ಕೈಕೊಡುತ್ತದೆ? ವಿಜ್ಞಾನ ಓದುವವರ ಸಮಯದ ಲೆಕ್ಕಾಚಾರ

ಬೆಳಿಗ್ಗೆ 5ರಿಂದ 6 ಫಿಸಿಕ್ಸ್, 6ರಿಂದ 7 ಕೆಮಿಸ್ಟ್ರಿ, ಸಂಜೆ ಗಣಿತ, ರಾತ್ರಿ ಬಯಾಲಜಿ. ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು ಗೋಡೆಗೆ ಅಂಟಿಸಿದ ಇಂಥ ಟೈಮ್‌ಟೇಬಲ್ ನೋಡೋಕೆ ಚೆನ್ನಾಗಿರುತ್ತದೆ. ಮೊದಲ ದಿನ ಹುಮ್ಮಸ್ಸಿನಲ್ಲಿ ನಡೆದುಹೋಗುತ್ತದೆ. ಎರಡನೇ ದಿನ ಫಿಸಿಕ್ಸಿನ ಒಂದೇ ಲೆಕ್ಕ ಒಂದೂವರೆ ಗಂಟೆ ನುಂಗಿಹಾಕುತ್ತದೆ, ಕೆಮಿಸ್ಟ್ರಿ ಅರ್ಧಕ್ಕೇ ನಿಲ್ಲುತ್ತದೆ. ಮೂರನೇ ದಿನ ಹಿಂದಿನ ಬಾಕಿ ತೀರಿಸಬೇಕೋ, ಇವತ್ತಿನದು ಓದಬೇಕೋ ಅನ್ನೋ ಗೊಂದಲ. ಆಮೇಲೆ ಆ ಹಾಳೆ ಸುಮ್ನೆ ಗೋಡೆ ಮೇಲೆ ಇರುತ್ತದೆ, ಅಷ್ಟೆ. "ನನಗೆ ಶಿಸ್ತಿಲ್ಲ" ಅಂತ ವಿದ್ಯಾರ್ಥಿ ತೀರ್ಮಾನ ಮಾಡಿಬಿಡುತ್ತಾನೆ.

ಶಿಸ್ತಿನ ಕೊರತೆಯೂ ಇರಬಹುದು, ಇಲ್ಲ ಅನ್ನೋಲ್ಲ. ಆದರೆ ಬಹಳಷ್ಟು ಸಲ ತಪ್ಪು ಆ ಹಾಳೆಯದ್ದೇ. ಗಂಟೆಗಳನ್ನು ವಿಷಯಗಳಿಗೆ ಸಮನಾಗಿ ಹಂಚಿಬಿಟ್ಟರೆ ಓದು ಮುಗಿಯುತ್ತದೆ ಅಂತ ಅದು ನಂಬಿಕೊಂಡಿದೆ. ಒಂದು ತಾಸಿನಲ್ಲಿ ಎಷ್ಟು ಸಾಗುತ್ತದೆ ಅನ್ನೋದನ್ನು ತೀರ್ಮಾನಿಸುವುದು ಆ ತಾಸಿನಲ್ಲಿ ಯಾವ ಬಗೆಯ ಕೆಲಸ ಇದೆ ಅನ್ನೋ ಸಂಗತಿ. ಇನ್ನೊಂದು ಮಾತು. ಸಮಯ ಹಾಳಾಗೋದು ಎಲ್ಲಿ ಅಂತ ಕೇಳಿದರೆ ಎಲ್ಲರೂ ಫೋನಿನ ಕಡೆ ಬೆರಳು ತೋರಿಸುತ್ತಾರೆ. ಒಮ್ಮೆ ಓದಿದ್ದನ್ನು ಪೂರ್ತಿ ಮರೆತು, ಅದನ್ನೇ ಮೊದಲಿನಿಂದ ಓದೋದರಲ್ಲಿ ಹೋಗುವ ಗಂಟೆಗಳನ್ನು ಯಾರೂ ಲೆಕ್ಕಕ್ಕೇ ಹಿಡಿಯೋದಿಲ್ಲ. ನನ್ನ ಪ್ರಕಾರ ವಿಜ್ಞಾನ ವಿದ್ಯಾರ್ಥಿಯ ಅತಿ ದೊಡ್ಡ ಸೋರಿಕೆ ಅದೇ.

ಒಂದೇ ಪಾಠದಲ್ಲಿ ನಾಲ್ಕು ಬಗೆಯ ಕೆಲಸ

ಎಸೆದ ವಸ್ತುವಿನ ಚಲನೆ, ಅಂದರೆ ಪ್ರೊಜೆಕ್ಟೈಲ್ ಪಾಠವನ್ನೇ ತೆಗೆದುಕೊಳ್ಳೋಣ. ಟೈಮ್‌ಟೇಬಲ್‌ನಲ್ಲಿ ಇದು "ಫಿಸಿಕ್ಸ್, 1 ಗಂಟೆ". ಒಳಗೆ ಹೊಕ್ಕು ನೋಡಿದರೆ ಬೇರೆ ಬೇರೆ ಕೆಲಸಗಳಿವೆ. ಅಡ್ಡ ಚಲನೆ, ಲಂಬ ಚಲನೆ ಎರಡೂ ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುತ್ತವೆ ಅನ್ನೋ ವಿಚಾರ ತಲೆಗೆ ಇಳಿಯಬೇಕು. ಡೆರಿವೇಶನ್, ಅಂದರೆ ಸೂತ್ರ ಹೇಗೆ ಬಂತು ಅನ್ನೋದನ್ನು, ಬರೆಯೋಕೆ ಬರಬೇಕು. ಸೂತ್ರಗಳು ನೆನಪಿರಬೇಕು. ಕೊನೆಗೆ ಹೊಸ ಲೆಕ್ಕ ಎದುರಾದರೆ ಬಿಡಿಸಬೇಕು.

ಒಂದು ಚೆಂಡನ್ನು 30 ಡಿಗ್ರಿ ಕೋನದಲ್ಲಿ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಎಸೆದರೆ ಎಷ್ಟು ದೂರ ಹೋಗಿ ಬೀಳುತ್ತದೆ? ಗುರುತ್ವದ ಬೆಲೆ 10 ಅಂತ ಹಿಡಿದು ಸೂತ್ರಕ್ಕೆ ಸಂಖ್ಯೆ ಹಾಕಿದರೆ 34.6 ಮೀಟರ್ ಬರುತ್ತದೆ. ಬಿಡಿಸಿದ ಉದಾಹರಣೆ ಓದೋಕೆ ಎರಡು ನಿಮಿಷ ಸಾಕು. "ಅರ್ಥವಾಯಿತು" ಅಂತ ಪುಟ ತಿರುಗಿಸುತ್ತೇವೆ. ಈಗ ಅದೇ ಚೆಂಡನ್ನು 15 ಮೀಟರ್ ಎತ್ತರದ ಕಟ್ಟಡದ ಮೇಲಿಂದ ಎಸೆಯಿರಿ. ಸೂತ್ರ ಮಾತ್ರ ಕಲಿತವರು ಇಲ್ಲೂ 34.6 ಬರೆಯುತ್ತಾರೆ, ಇಲ್ಲವೇ ಪೆನ್ನು ಹಿಡಿದು ಕೂತುಬಿಡುತ್ತಾರೆ. ಆ ಸೂತ್ರ ಎಸೆದ ಮಟ್ಟಕ್ಕೇ ಮರಳಿ ಬೀಳುವ ಚೆಂಡಿಗೆ ಮಾತ್ರ ಹೊಂದುತ್ತದೆ. ಇಲ್ಲಿ ಲಂಬ ಚಲನೆಯಿಂದ ಶುರು ಮಾಡಬೇಕು. ಮೇಲ್ಮುಖ ವೇಗ 10, ಇಳಿಯಬೇಕಾದ್ದು 15 ಮೀಟರ್. ಸಮೀಕರಣ ಬಿಡಿಸಿದರೆ ಸಮಯ 3 ಸೆಕೆಂಡ್. ಅಡ್ಡ ವೇಗ 17.3, ಹಾಗಾಗಿ ದೂರ ಸುಮಾರು 52 ಮೀಟರ್.

ಪುಸ್ತಕ ಮುಚ್ಚಿ ಇದನ್ನು ನೀವೇ ಬಿಡಿಸೋಕೆ ಹತ್ತು ಹನ್ನೆರಡು ನಿಮಿಷ ಬೇಕಾಗಬಹುದು. ಎರಡು ನಿಮಿಷದ ಓದಿಗೆ ಹೋಲಿಸಿದರೆ ಇದು ದುಬಾರಿ ಅನಿಸುತ್ತದೆ, ಅಲ್ವಾ? ಆದರೆ ಆ ಎರಡು ನಿಮಿಷದ ಓದನ್ನು ಪರೀಕ್ಷೆ ಬರುವಷ್ಟರಲ್ಲಿ ನಾಲ್ಕೈದು ಸಲ ಮಾಡಬೇಕಾಗುತ್ತದೆ, ಮಾಡಿದ ಮೇಲೂ ಕಟ್ಟಡದ ಲೆಕ್ಕ ಕೈಗೆ ಸಿಗೋದಿಲ್ಲ.

ಹಾಗಾಗಿ ಟೈಮ್‌ಟೇಬಲ್‌ನಲ್ಲಿ ವಿಷಯದ ಹೆಸರು ಬರೆದು ಬಿಡಬೇಡಿ, ಕೆಲಸವನ್ನೇ ಬರೆಯಿರಿ. "ಫಿಸಿಕ್ಸ್" ಅನ್ನೋ ಬದಲು "ಎತ್ತರದಿಂದ ಎಸೆದ ಚೆಂಡಿನ 5 ಲೆಕ್ಕ, ಪುಸ್ತಕ ಮುಚ್ಚಿ". ಬಯಾಲಜಿಯಾದರೆ "ಮೂತ್ರಪಿಂಡದ ನೆಫ್ರಾನ್ ಚಿತ್ರ, ನೋಡದೆ, ಭಾಗಗಳ ಹೆಸರಿನ ಜೊತೆ". ಹೀಗೆ ಬರೆದರೆ ಕೆಲಸ ಮುಗಿಯಿತೋ ಇಲ್ಲವೋ ಅನ್ನೋದು ಸಂಜೆ ಸ್ಪಷ್ಟವಾಗಿ ಗೊತ್ತಾಗುತ್ತದೆ. "ಒಂದು ಗಂಟೆ ಫಿಸಿಕ್ಸ್ ಓದಿದೆ" ಅಂದರೆ ಒಂದು ಗಂಟೆ ಕೂತಿದ್ದು ಮಾತ್ರ ಗ್ಯಾರಂಟಿ.

ಇನ್ನು ಯಾವ ಕೆಲಸ ಯಾವ ಹೊತ್ತಿಗೆ? ತಲೆ ಚುರುಕಾಗಿರುವ ಹೊತ್ತನ್ನು ಹೊಸ ವಿಚಾರಕ್ಕೆ, ಕಷ್ಟದ ಲೆಕ್ಕಕ್ಕೆ ಮೀಸಲಿಡಿ. ಅದು ಎಲ್ಲರಿಗೂ ಬೆಳಗಿನ ಜಾವವೇ ಆಗಬೇಕಿಲ್ಲ. ಕೆಲವರಿಗೆ ರಾತ್ರಿ ಎಂಟರ ಮೇಲೆ ತಲೆ ಓಡುತ್ತದೆ. ದಣಿದ ಹೊತ್ತಿಗೆ ಚಿತ್ರ ಬಿಡಿಸೋದು, ರೆಕಾರ್ಡ್ ಬರೆಯೋದು, ನೋಟ್ಸ್ ಜೋಡಿಸೋದು. ಚುರುಕಾದ ಹೊತ್ತಿನಲ್ಲಿ ಶೀರ್ಷಿಕೆಗಳಿಗೆ ಬಣ್ಣ ಹಚ್ಚುತ್ತಾ ಕೂತು, ನಿದ್ದೆ ಬರುವಾಗ ಇಂಟಿಗ್ರೇಶನ್ ತೆಗೆಯೋದು ತುಂಬ ಜನ ಮಾಡುವ ಕೆಲಸ.

ನಮ್ಮ ಅಂದಾಜು ಯಾಕೆ ಯಾವಾಗಲೂ ತಪ್ಪುತ್ತದೆ

ಒಂದು ಕೆಲಸಕ್ಕೆ ಎಷ್ಟು ಸಮಯ ಹಿಡಿಯುತ್ತದೆ ಅಂತ ಹೇಳೋದರಲ್ಲಿ ಮನುಷ್ಯರು ಬಹಳ ಹಿಂದೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್‌ಮನ್ ಮತ್ತು ಆಮೋಸ್ ಟ್ವೆರ್‌ಸ್ಕಿ 1979ರಲ್ಲೇ ಈ ದೋಷಕ್ಕೆ "ಪ್ಲ್ಯಾನಿಂಗ್ ಫ್ಯಾಲಸಿ" ಅಂತ ಹೆಸರು ಕೊಟ್ಟು ಚರ್ಚಿಸಿದರು. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಜೊತೆಗಾರರು ಇದನ್ನು ವಿದ್ಯಾರ್ಥಿಗಳ ಮೇಲೇ ಅಳೆದರು. ಪದವಿಯ ಕೊನೆಯ ಪ್ರಬಂಧ ಮುಗಿಸೋಕೆ ಎಷ್ಟು ದಿನ ಬೇಕು ಅಂತ ಕೇಳಿದಾಗ ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಎಡವಟ್ಟಾದರೆ? ಸುಮಾರು 49 ದಿನ. ನಿಜವಾಗಿ ಹಿಡಿದದ್ದು 55 ದಿನಕ್ಕಿಂತ ಜಾಸ್ತಿ. ಅಂದರೆ ಅತಿ ಕೆಟ್ಟ ಪರಿಸ್ಥಿತಿಯನ್ನು ಊಹಿಸಿ ಕೊಟ್ಟ ಅಂದಾಜು ಕೂಡ ಸಾಲಲಿಲ್ಲ!

ಇದಕ್ಕೆ ಇಚ್ಛಾಶಕ್ತಿ ಔಷಧಿಯಾಗೋದಿಲ್ಲ. ಅಳತೆ ಬೇಕು. ಒಂದು ವಾರ, ಪ್ರತಿ ಕೆಲಸದ ಪಕ್ಕ ಎರಡು ಸಂಖ್ಯೆ ಬರೆಯಿರಿ. ಎಷ್ಟು ಹೊತ್ತು ಹಿಡಿಯುತ್ತದೆ ಅಂದುಕೊಂಡಿರಿ, ಎಷ್ಟು ಹಿಡಿಯಿತು. ವಾರದ ಕೊನೆಗೆ ನಿಮ್ಮ ಅಂದಾಜು ಎಷ್ಟು ಪಟ್ಟು ತಪ್ಪುತ್ತದೆ ಅಂತ ಗೊತ್ತಾಗುತ್ತದೆ. ಬಯಾಲಜಿಯಲ್ಲಿ ನಿಮ್ಮ ಅಂದಾಜು ಹತ್ತಿರವೇ ಇರಬಹುದು, ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಎರಡು ಪಟ್ಟು ತಪ್ಪಿರಬಹುದು. ಮುಂದಿನ ವಾರದ ಯೋಜನೆ ಆ ಅಳತೆಯ ಮೇಲೆ ನಿಲ್ಲಲಿ. ಅಳೆಯೋಕೂ ಸೋಮಾರಿತನವಾದರೆ, ಅಂದುಕೊಂಡದ್ದನ್ನು ಒಂದೂವರೆಯಿಂದ ಗುಣಿಸಿಬಿಡಿ.

ವಾರದಲ್ಲಿ ಎರಡು ಖಾಲಿ ಹೊತ್ತು ಬಿಡೋದನ್ನು ಮರೆಯಬೇಡಿ. ಖಾಲಿ ಅಂದರೆ ನಿಜಕ್ಕೂ ಖಾಲಿ, ಏನೂ ಬರೆಯದೆ. ಬಾಕಿ ಉಳಿದದ್ದು ಅಲ್ಲಿಗೆ ಹೋಗುತ್ತದೆ. ಬಾಕಿ ಇಲ್ಲದ ವಾರ ಆ ಹೊತ್ತು ನಿಮ್ಮದು. ಇಂಥ ಜಾಗ ಇಲ್ಲದಿದ್ದರೆ ಒಂದು ಲೆಕ್ಕ ತಡವಾದ ಕೂಡಲೇ ಇಡೀ ವಾರವೇ ಜರುಗುತ್ತದೆ.

ಮರೆವಿನ ಜೊತೆ ಲೆಕ್ಕ

ಈಗ ಆ ದೊಡ್ಡ ಸೋರಿಕೆಯ ವಿಷಯ. ಹರ್ಮನ್ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಒಂದೇ ವೇಗದಲ್ಲಿ ಸಾಗೋದಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಧಡಾರನೆ ಇಳಿದು, ಆಮೇಲೆ ನಿಧಾನವಾಗುತ್ತದೆ. ಪಾಠದಲ್ಲಿ ಅರ್ಥ ಇರುವುದರಿಂದ ನಾವು ಅಷ್ಟು ಬೇಗ ಮರೆಯೋದಿಲ್ಲ. ಆದರೂ ಇಳಿಯುವ ರೀತಿ ಅದೇ.

ಹಾಗಾದರೆ ಮತ್ತೆ ಮತ್ತೆ ಓದಿದರೆ ಸಾಕಲ್ವಾ? ಇಲ್ಲೇ ಬಹುತೇಕರು ಎಡವೋದು. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪಿನವರು ಒಂದು ಬರಹವನ್ನು ನಾಲ್ಕು ಸುತ್ತು ಓದಿದರು. ಇನ್ನೊಂದು ಗುಂಪಿನವರು ಒಂದು ಸುತ್ತು ಓದಿ, ಉಳಿದ ಮೂರು ಸುತ್ತು ಅದನ್ನು ನೋಡದೆ ನೆನಪಿದ್ದಷ್ಟನ್ನು ಬರೆದರು. 5 ನಿಮಿಷ ಬಿಟ್ಟು ಪರೀಕ್ಷಿಸಿದಾಗ ಓದಿದವರೇ ಮುಂದೆ: 83 ಶೇಕಡಾ, ಬರೆದವರದ್ದು 71. ಒಂದು ವಾರ ಬಿಟ್ಟು ನೋಡಿದಾಗ ಓದಿದವರು 40ಕ್ಕೆ ಇಳಿದಿದ್ದರು, ಬರೆದವರು 61ರಲ್ಲಿ ನಿಂತಿದ್ದರು.

ಈ ಸಂಖ್ಯೆಗಳಲ್ಲಿ ಒಂದು ಮೋಸ ಅಡಗಿದೆ. ನಾಲ್ಕು ಸುತ್ತು ಓದಿದವನಿಗೆ ಆ ಕ್ಷಣಕ್ಕೆ ಎಲ್ಲ ಬಂದಿದೆ ಅನಿಸುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಪರೀಕ್ಷೆ 5 ನಿಮಿಷಕ್ಕೆ ಬರೋದಿಲ್ಲವಲ್ಲ.

ಮಾಡೋದು ಸರಳ. ಪಾಠ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆ ತೆಗೆಯಿರಿ. ಗೊತ್ತಿರುವುದನ್ನೆಲ್ಲ ಬರೆಯಿರಿ. ಡೆರಿವೇಶನ್‌ನ ಎರಡನೇ ಸಾಲಿಗೆ ನಿಂತುಬಿಟ್ಟರೆ ಅದೇ ಬೇಕಾದ ಮಾಹಿತಿ. ಈಗ ಪುಸ್ತಕ ತೆಗೆದು ಆ ಸಾಲನ್ನು ಮಾತ್ರ ನೋಡಿ. ಇಡೀ ಪಾಠ ಮತ್ತೆ ಓದುವ 40 ನಿಮಿಷ ಉಳಿಯಿತು. ಈ ಕೆಲಸ ಹಿತವಾಗಿರೋದಿಲ್ಲ, ಅದಕ್ಕೇ ಜನ ಇದನ್ನು ತಪ್ಪಿಸಿಕೊಂಡು ಹೈಲೈಟರ್ ಹಿಡಿಯುತ್ತಾರೆ.

ಎಷ್ಟು ದಿನ ಬಿಟ್ಟು ಮತ್ತೆ ಮಾಡಬೇಕು? ಪರೀಕ್ಷೆ ಎಷ್ಟು ದೂರ ಇದೆ ಅನ್ನೋದರ ಮೇಲೆ ನಿಂತಿದೆ. 2008ರಲ್ಲಿ ನಿಕೋಲಸ್ ಸೆಪೆಡಾ ಮತ್ತು ಜೊತೆಗಾರರ ಅಧ್ಯಯನದಲ್ಲಿ, ಒಂದು ವಾರಕ್ಕೆ ನೆನಪಿರಬೇಕಾದರೆ ಸುಮಾರು 1 ದಿನದ ಅಂತರ ಚೆನ್ನಾಗಿ ಕೆಲಸ ಮಾಡಿತು. 35 ದಿನಕ್ಕಾದರೆ ಸುಮಾರು 11 ದಿನ, 70 ದಿನಕ್ಕಾದರೆ ಸುಮಾರು 21 ದಿನ. ಇದನ್ನು ಪಂಚಾಂಗದಂತೆ ಪಾಲಿಸಬೇಕಿಲ್ಲ. ಮಾರನೇ ದಿನ ಒಮ್ಮೆ, ವಾರಕ್ಕೆ ಒಮ್ಮೆ, ಮೂರು ವಾರಕ್ಕೆ ಒಮ್ಮೆ ಅಂತ ಇಟ್ಟುಕೊಂಡರೆ ಸಾಕು. ಪ್ರತಿ ಪಾಠದ ಮೊದಲ ಪುಟದ ಮೂಲೆಯಲ್ಲಿ ಈ ಮೂರು ದಿನಾಂಕ ಬರೆದಿಡಿ. ಒಂದೊಂದು ಸಲಕ್ಕೂ 10ರಿಂದ 15 ನಿಮಿಷ ಸಾಲುತ್ತದೆ, ಏಕೆಂದರೆ ನೀವು ಓದುತ್ತಿಲ್ಲ, ಪರೀಕ್ಷಿಸಿಕೊಳ್ಳುತ್ತಿದ್ದೀರಿ.

ರಸಾಯನ ಕ್ರಿಯೆಗಳು, ಜೀವಿಗಳ ವರ್ಗೀಕರಣ, ಸೂತ್ರಗಳು ಇಂಥವಕ್ಕೆ ಕಾರ್ಡ್ ಒಳ್ಳೆಯದು. ಮುಂದೆ ಪ್ರಶ್ನೆ, ಹಿಂದೆ ಉತ್ತರ. ಕೆಲವು ಪೆಟ್ಟಿಗೆಗಳನ್ನು ಸಾಲಾಗಿಟ್ಟು, ಎಲ್ಲ ಕಾರ್ಡ್‌ಗಳನ್ನೂ ಮೊದಲನೆಯದರಲ್ಲಿ ಹಾಕಿ. ಸರಿ ಬಂದ ಕಾರ್ಡ್ ಮುಂದಿನ ಪೆಟ್ಟಿಗೆಗೆ ಹೋಗುತ್ತದೆ, ತಡವಾಗಿ ನೋಡಿದರೆ ಸಾಕು. ತಪ್ಪಿದ್ದು ಮೊದಲ ಪೆಟ್ಟಿಗೆಗೆ ಬರುತ್ತದೆ, ನಾಳೆಯೇ ನೋಡಬೇಕು. ಸೆಬಾಸ್ಟಿಯನ್ ಲೈಟ್ನರ್ ಅನ್ನೋ ವಿಜ್ಞಾನ ಪತ್ರಕರ್ತ 1970ರ ದಶಕದಲ್ಲಿ ಈ ಪದ್ಧತಿಯನ್ನು ಜನರಿಗೆ ಪರಿಚಯಿಸಿದರು. ಈಗಿನ ಫ್ಲ್ಯಾಶ್‌ಕಾರ್ಡ್ ಆ್ಯಪ್‌ಗಳೂ ಹೆಚ್ಚುಕಮ್ಮಿ ಇದನ್ನೇ ಮಾಡುತ್ತವೆ. ಒಂದೇ ಎಚ್ಚರಿಕೆ: ಕಾರ್ಡ್ ತಯಾರಿಸೋದೇ ಒಂದು ಚಟವಾಗಿಬಿಡಬಾರದು.

ಲೆಕ್ಕಗಳನ್ನು ಕಲಸಿ

ಒಂದು ಅಧ್ಯಾಯದ ಇಪ್ಪತ್ತು ಲೆಕ್ಕ ಒಂದೇ ಉಸಿರಿಗೆ ಮಾಡಿದರೆ ಏನೋ ಸಾಧಿಸಿದ ಹಾಗೆ ಅನಿಸುತ್ತದೆ. ಮೂರನೆಯದರಿಂದ ಮುಂದೆ ತಲೆ ಯೋಚಿಸೋದನ್ನೇ ನಿಲ್ಲಿಸಿರುತ್ತದೆ, ಯಾವ ಸೂತ್ರ ಅಂತ ಮೊದಲೇ ಗೊತ್ತಲ್ಲ! ಪರೀಕ್ಷೆಯಲ್ಲಿ ಪ್ರಶ್ನೆಯ ಮೇಲೆ ಅಧ್ಯಾಯದ ಹೆಸರು ಬರೆದಿರೋದಿಲ್ಲ. ಇದು ಶಕ್ತಿ ಸಂರಕ್ಷಣೆಯಿಂದ ಬಿಡಿಸುವ ಲೆಕ್ಕವೋ, ಬಲದ ನಿಯಮದಿಂದಲೋ ಅಂತ ಗುರುತಿಸೋದೇ ಅರ್ಧ ಕೆಲಸ.

ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಬೇರೆ ಬೇರೆ ಘನಾಕೃತಿಗಳ ಗಾತ್ರ ಕಂಡುಹಿಡಿಯೋದನ್ನು ಕಲಿತರು. ಒಂದೊಂದೇ ಬಗೆಯನ್ನು ಸಾಲಾಗಿ ಮಾಡಿದವರು ಅಭ್ಯಾಸದ ವೇಳೆ 89 ಶೇಕಡಾ ಸರಿ ಮಾಡಿದರು. ಎಲ್ಲ ಬಗೆಯನ್ನೂ ಕಲಸಿ ಮಾಡಿದವರು 60 ಮಾತ್ರ. ಒಂದು ವಾರದ ಮೇಲೆ ಪರೀಕ್ಷೆಯಲ್ಲಿ ಮೊದಲ ಗುಂಪು 20 ಶೇಕಡಾಕ್ಕೆ ಕುಸಿಯಿತು, ಎರಡನೆಯದು 63 ಪಡೆಯಿತು.

ಹೊಸ ಬಗೆಯ ಲೆಕ್ಕ ಕಲಿಯುವ ದಿನ ಬಿಡಿಸಿದ ಉದಾಹರಣೆಗಳನ್ನು ನೋಡಿ, ಅದೇ ಬಗೆಯ ಮೂರು ನಾಲ್ಕು ಲೆಕ್ಕ ಮಾಡಿ. ಅದು ಬೇಕು. ಉಳಿದ ಲೆಕ್ಕಗಳನ್ನು ಅಂದೇ ಮುಗಿಸದೆ, ಮುಂದಿನ ಎರಡು ವಾರಗಳಿಗೆ ಹಂಚಿ, ಹಳೆಯ ಅಧ್ಯಾಯಗಳ ಜೊತೆ ಸೇರಿಸಿ. ಲೆಕ್ಕಗಳ ಸಂಖ್ಯೆ ಜಾಸ್ತಿ ಆಗಲಿಲ್ಲ, ಸಮಯವೂ ಜಾಸ್ತಿ ಬೇಡ. ಬದಲಾಗಿದ್ದು ಕ್ರಮ ಮಾತ್ರ.

25 ನಿಮಿಷದ ಗಡಿಯಾರ ಎಲ್ಲದಕ್ಕೂ ಅಲ್ಲ

ಪೊಮೊಡೊರೊ ಪದ್ಧತಿ ಕೇಳಿರುತ್ತೀರಿ. 25 ನಿಮಿಷ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸುತ್ತಾದ ಮೇಲೆ ದೊಡ್ಡ ಬಿಡುವು. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಅಡುಗೆಮನೆಯ ಟೈಮರ್ ಇಟ್ಟುಕೊಂಡು ಶುರು ಮಾಡಿದ್ದು. ಕೂರೋಕೇ ಮನಸ್ಸಿಲ್ಲದ ದಿನ ಇದು ತುಂಬ ಉಪಯೋಗಕ್ಕೆ ಬರುತ್ತದೆ. "25 ನಿಮಿಷ ತಾನೆ" ಅಂತ ಶುರು ಮಾಡಬಹುದು. ಕಾರ್ಡ್, ಚಿತ್ರ, ಹೆಸರುಗಳ ಬಾಯಿಪಾಠಕ್ಕೂ ಹೇಳಿ ಮಾಡಿಸಿದ ಹಾಗಿದೆ.

ಉದ್ದದ ಲೆಕ್ಕಕ್ಕೆ ಮಾತ್ರ ಅದೇ ಗಡಿಯಾರ ತಲೆನೋವು. ಚಿತ್ರ ಬರೆದು, ಬಲಗಳನ್ನು ಗುರುತಿಸಿ, ಸಮೀಕರಣ ಹೊಂದಿಸಿ, ಇನ್ನೇನು ದಾರಿ ಕಂಡಿತು ಅನ್ನುವಾಗ ಗಂಟೆ ಬಾರಿಸುತ್ತದೆ. ಎದ್ದು ಬಂದು ಕೂತರೆ ಮತ್ತೆ ಚಿತ್ರದಿಂದ ಶುರು. ಲೆಕ್ಕಕ್ಕೆ, ಡೆರಿವೇಶನ್‌ಗೆ 50 ನಿಮಿಷದ ಸುತ್ತು ಇಟ್ಟುಕೊಳ್ಳಿ. ಅಥವಾ ಲೆಕ್ಕ ಮುಗಿದಾಗ ಎದ್ದೇಳಿ, ಟೈಮರ್ ಹೇಳಿದಾಗ ಬೇಡ.

ಸಿಕ್ಕಿಕೊಂಡಾಗ ಮಾತ್ರ ಟೈಮರ್ ಬೇಕೇ ಬೇಕು. ಒಂದೇ ಲೆಕ್ಕದ ಜೊತೆ ಜಿದ್ದಿಗೆ ಬಿದ್ದು ಸಂಜೆಯೆಲ್ಲ ಕಳೆಯೋದು ವಿಜ್ಞಾನ ವಿದ್ಯಾರ್ಥಿಗಳ ಹಳೆಯ ರೋಗ. 15 ನಿಮಿಷದ ಮಿತಿ ಹಾಕಿಕೊಳ್ಳಿ. ಅಷ್ಟರಲ್ಲಿ ಏನೂ ಹೊಳೆಯದಿದ್ದರೆ, ಏನೇನು ಪ್ರಯತ್ನಿಸಿದಿರಿ, ಎಲ್ಲಿ ನಿಂತಿರಿ ಅಂತ ಎರಡು ಸಾಲು ಬರೆಯಿರಿ. ಆಮೇಲೆ ಉತ್ತರದ ಮೊದಲ ಸಾಲನ್ನು ಮಾತ್ರ ನೋಡಿ, ಉಳಿದದ್ದನ್ನು ಕೈಯಿಂದ ಮುಚ್ಚಿ. ಎಷ್ಟೋ ಸಲ ಒಂದು ಸಾಲು ಸಾಕಾಗುತ್ತದೆ. ಸಾಲದಿದ್ದರೆ ಮುಂದಿನ ಸಾಲು. ಆ ಎರಡು ಸಾಲಿನ ಟಿಪ್ಪಣಿ ಶಿಕ್ಷಕರ ಹತ್ತಿರ ಕೇಳುವಾಗಲೂ ಕೆಲಸಕ್ಕೆ ಬರುತ್ತದೆ. "ಈ ಲೆಕ್ಕ ಬರಲಿಲ್ಲ" ಅಂದರೆ ಅವರು ಮೊದಲಿನಿಂದ ಹೇಳುತ್ತಾರೆ. "ಚೆಂಡು ಬೀಳುವ ಸಮಯ ಸಿಕ್ಕಿತು, ಅಡ್ಡ ವೇಗ ಯಾಕೆ ಬದಲಾಗೋದಿಲ್ಲ ಅನ್ನೋದು ಗೊತ್ತಾಗಲಿಲ್ಲ" ಅಂದರೆ ಎರಡೇ ನಿಮಿಷದಲ್ಲಿ ಮುಗಿಯುತ್ತದೆ.

ಫೋನಿನ ಬಗ್ಗೆ ಉದ್ದ ಉಪದೇಶ ಬೇಡ. ಬೇರೆ ಕೋಣೆಯಲ್ಲಿಡಿ. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ ಅಂತ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದಾರೆ. ಮೆಸೇಜ್ ನೋಡೋಕೆ ಅರ್ಧ ನಿಮಿಷ ಸಾಕು, ಲೆಕ್ಕಕ್ಕೆ ಪೂರ್ತಿ ಮರಳೋಕೆ ಅದಕ್ಕಿಂತ ಜಾಸ್ತಿ ಬೇಕು.

ಲ್ಯಾಬ್ ರೆಕಾರ್ಡ್ ಅದೇ ದಿನ

ಟೈಮ್‌ಟೇಬಲ್‌ಗಳಲ್ಲಿ ಹೆಚ್ಚಾಗಿ ಕಾಣಿಸದ, ಆದರೆ ವರ್ಷದ ಕೊನೆಗೆ ರಾತ್ರಿಗಟ್ಟಲೆ ತಿನ್ನುವ ಕೆಲಸ ಇದು. ಸರಳ ಲೋಲಕದ ಪ್ರಯೋಗ ನೋಡಿ. 1 ಮೀಟರ್ ದಾರ, 20 ಆಂದೋಲನಕ್ಕೆ ಸುಮಾರು 40 ಸೆಕೆಂಡ್ ಬರಬೇಕು. ನಿಮಗೆ 38 ಬಂತು. ಲೆಕ್ಕ ಹಾಕಿದರೆ ಗುರುತ್ವದ ಬೆಲೆ 9.8ರ ಬದಲು 10.9ರ ಆಸುಪಾಸು. ಅಂದೇ ಲೆಕ್ಕ ಹಾಕಿದ್ದರೆ ಕಾರಣ ಅಲ್ಲೇ ಸಿಗುತ್ತಿತ್ತು. ಗುಂಡು ಬಿಟ್ಟು ಟೈಮರ್ ಒತ್ತಿದ ಕೂಡಲೇ "ಒಂದು" ಅಂತ ಎಣಿಸಿದ್ದೀರಿ, "ಸೊನ್ನೆ" ಅನ್ನಬೇಕಿತ್ತು. ಎಣಿಸಿದ್ದು 20, ಆಗಿದ್ದು 19. ಎರಡು ನಿಮಿಷದಲ್ಲಿ ಮತ್ತೆ ಅಳೆದು ಸರಿ ಮಾಡಬಹುದಿತ್ತು.

ಮೂರು ವಾರ ಬಿಟ್ಟು ರೆಕಾರ್ಡ್ ತೆರೆದರೆ 38 ಅನ್ನೋ ಸಂಖ್ಯೆ ಮಾತ್ರ ಇರುತ್ತದೆ. ಯಾಕೆ ಬಂತು ಅಂತ ನೆನಪಿರೋದಿಲ್ಲ, ಉಪಕರಣ ಕೈಗೆ ಸಿಗೋದಿಲ್ಲ. ಆಮೇಲೆ ಗೆಳೆಯರ ರೆಕಾರ್ಡ್ ಹುಡುಕೋದು, ಸಂಖ್ಯೆ ಹೊಂದಿಸೋದು, ಗ್ರಾಫ್ ತಿದ್ದೋದು. 30 ನಿಮಿಷದ ಕೆಲಸ ಎರಡು ಗಂಟೆಯಾಗುತ್ತದೆ, ಕಲಿಕೆ ಸೊನ್ನೆ. ಲ್ಯಾಬ್ ಇರುವ ದಿನ ಸಂಜೆಯ ಮೊದಲ ಅರ್ಧ ಗಂಟೆ ರೆಕಾರ್ಡಿಗೆ ಅಂತ ಕಟ್ಟಿಟ್ಟುಬಿಡಿ. ಆ ದಿನ ದಣಿವು ಜಾಸ್ತಿ ಇರುತ್ತದೆ, ಹೇಗೂ ಹೊಸ ಪಾಠ ತಲೆಗೆ ಹೋಗೋದಿಲ್ಲ.

ನಿದ್ದೆಯನ್ನು ಕದಿಯಬೇಡಿ

ರಾತ್ರಿ ಎರಡರ ತನಕ ಓದಿದರೆ ಗಂಟೆಗಳು ಗಳಿಸಿದ ಹಾಗೆ ಕಾಣುತ್ತದೆ. 1924ರಲ್ಲೇ ಜಾನ್ ಜೆಂಕಿನ್ಸ್ ಮತ್ತು ಕಾರ್ಲ್ ಡಾಲೆನ್‌ಬ್ಯಾಕ್ ಗಮನಿಸಿದ್ದರು, ಕಲಿತ ಮೇಲೆ ನಿದ್ದೆ ಮಾಡಿದರೆ ಎಚ್ಚರವಾಗಿದ್ದಾಗಿನದಕ್ಕಿಂತ ಹೆಚ್ಚು ನೆನಪು ಉಳಿಯುತ್ತದೆ ಅಂತ. ಕಲಿತದ್ದು ಗಟ್ಟಿಯಾಗುವುದರಲ್ಲಿ ನಿದ್ದೆಯ ಪಾತ್ರ ಇದೆ ಅನ್ನೋದನ್ನು ಆಮೇಲಿನ ಅಧ್ಯಯನಗಳೂ ಎತ್ತಿಹಿಡಿದಿವೆ. ಲೆಕ್ಕದಲ್ಲಂತೂ ನಿದ್ದೆಗೆಟ್ಟ ತಲೆ ಪ್ಲಸ್ ಮೈನಸ್ ತಪ್ಪಿಸಿ, ಆ ತಪ್ಪು ಹುಡುಕೋದರಲ್ಲೇ ಅರ್ಧ ಗಂಟೆ ತಿನ್ನುತ್ತದೆ.

ಪರೀಕ್ಷೆ ಹತ್ತಿರ ಬಂದಾಗ

ಕೊನೆಯ ತಿಂಗಳಲ್ಲಿ ಯೋಜನೆಯನ್ನು ಪರೀಕ್ಷೆಯ ದಿನದಿಂದ ಹಿಂದಕ್ಕೆ ಹಾಕುತ್ತಾ ಬರಬೇಕು. ಕೊನೆಯ ಮೂರ್ನಾಲ್ಕು ದಿನ ಹೊಸ ಪಾಠ ಇಲ್ಲ ಅಂತ ಮೊದಲು ಗೆರೆ ಎಳೆಯಿರಿ. ಅದಕ್ಕೂ ಮುಂಚೆ ಪೂರ್ತಿ ಪ್ರಶ್ನೆಪತ್ರಿಕೆ ಬಿಡಿಸುವ ದಿನಗಳು. ಉಳಿದದ್ದು ಪಾಠಗಳಿಗೆ. ಪಾಠಗಳನ್ನು ಮೂರು ಗುಂಪು ಮಾಡಿ: ಖಾಲಿ ಹಾಳೆಯಲ್ಲಿ ಬರುವಂಥವು, ಅರ್ಧ ಬರುವಂಥವು, ಏನೂ ಬರದಂಥವು. ಅರ್ಧ ಬರುವ ಗುಂಪಿನಲ್ಲಿ ಹಾಕಿದ ಗಂಟೆಗೆ ಹೆಚ್ಚು ಅಂಕ ಸಿಗುತ್ತದೆ. ಆದರೆ ಹೆದರಿಕೆಯಲ್ಲಿ ಜನ ಓಡೋದು ಏನೂ ಬರದ ಗುಂಪಿಗೆ, ಇಲ್ಲವೇ ಸಮಾಧಾನಕ್ಕಾಗಿ ಎಲ್ಲ ಬರುವ ಗುಂಪಿಗೆ.

ಪ್ರಶ್ನೆಪತ್ರಿಕೆ ಬಿಡಿಸುವಾಗ ಗಡಿಯಾರ ಇಟ್ಟು, ಪರೀಕ್ಷೆ ನಡೆಯುವ ಹೊತ್ತಿಗೇ ಕೂತು ಬಿಡಿಸಿ. 180 ನಿಮಿಷ, 70 ಅಂಕ ಅಂತ ಇಟ್ಟುಕೊಳ್ಳಿ. ಓದೋಕೆ, ಕೊನೆಗೆ ತಿರುಗಿ ನೋಡೋಕೆ 15 ನಿಮಿಷ ತೆಗೆದರೆ ಒಂದು ಅಂಕಕ್ಕೆ ಸುಮಾರು 2.4 ನಿಮಿಷ ಸಿಗುತ್ತದೆ. 5 ಅಂಕದ ಪ್ರಶ್ನೆಗೆ 12 ನಿಮಿಷ. 12 ದಾಟಿತು, ಲೆಕ್ಕ ಮುಗಿದಿಲ್ಲ ಅಂದರೆ ಬರೆದ ಹಂತಗಳನ್ನು ಹಾಗೇ ಬಿಟ್ಟು, ಕೆಳಗೆ ಅರ್ಧ ಪುಟ ಜಾಗ ಇಟ್ಟು, ಮುಂದಿನ ಪ್ರಶ್ನೆಗೆ ಹೋಗಬೇಕು. ಹೀಗೆ ಬಿಟ್ಟು ಹೋಗೋದು ಪರೀಕ್ಷಾ ಕೋಣೆಯಲ್ಲಿ ಮೊದಲ ಸಲಕ್ಕೆ ಬರೋದಿಲ್ಲ, ಕೈ ಬಿಡೋಕೆ ಒಪ್ಪೋದೇ ಇಲ್ಲ. ಅದಕ್ಕೇ ಮನೆಯಲ್ಲಿ ಬಿಡಿಸುವ ಪತ್ರಿಕೆಗಳಲ್ಲೇ ಅದನ್ನು ರೂಢಿ ಮಾಡಿಕೊಂಡಿರಬೇಕು.